ಮೂವತ್ತೆರಡು ಕಾಯಿಗಳನ್ನು ಒಮ್ಮೆಲೇ ಇಡಬಾರದಿತ್ತು

ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಚದುರಂಗ ಹೇಳಿಕೊಡಲು ಹೋದ ಮೊದಲ ದಿನವೇ ಎಡವಿದೆ. 32 ಕಾಯಿಗಳನ್ನೂ ಮಣೆಯ ಮೇಲೆ ಸುರಿದೆ. ಆಟಿಸಂ ಇರುವ ಒಂಬತ್ತು ವರ್ಷದ ಹುಡುಗನೊಬ್ಬ ಅವುಗಳಲ್ಲಿ ಕಾಲಾಳುಗಳನ್ನಷ್ಟೇ ಆರಿಸಿಕೊಂಡು, ಒಂದು ಬಿಳಿ ಒಂದು ಕಪ್ಪು ಎಂದು ಮೇಜಿನ ಅಂಚಿನುದ್ದಕ್ಕೂ ಜೋಡಿಸಿದ. ನಾನು ಅದರಲ್ಲೊಂದನ್ನು ಎತ್ತಿ ಮಣೆಗೆ ತಂದೆ. ಅವನು ಕಿವಿ ಮುಚ್ಚಿಕೊಂಡು ಕಿರುಚಿದ. ಅಂದಿನ ಪಾಠ ಅಲ್ಲಿಗೆ ಮುಗಿಯಿತು.

ಮುಂದಿನ ವಾರ ಅವನ ಸಾಲಿಗೆ ಕೈಹಾಕಲಿಲ್ಲ. ಬೇರೆ ಸೆಟ್ಟಿನ ಎಂಟು ಬಿಳಿ ಕಾಲಾಳುಗಳನ್ನು ನನ್ನ ಕಡೆ ಅವುಗಳ ಮನೆಗಳಲ್ಲಿಟ್ಟು, ಅವನ ಕಡೆಯದನ್ನು ಖಾಲಿ ಬಿಟ್ಟು ಸುಮ್ಮನೆ ಕುಳಿತೆ. ಆ ಖಾಲಿ ಸಾಲು ಅವನನ್ನು ಕಾಡಿರಬೇಕು. ಸ್ವಲ್ಪ ಹೊತ್ತಿಗೆ ಕಪ್ಪು ಕಾಲಾಳುಗಳನ್ನು ತಾನೇ ತಂದು ತುಂಬಿದ. ರಾಜನಿಲ್ಲ, ಮಂತ್ರಿಯಿಲ್ಲ, ಯಾರ ಕಾಲಾಳು ಮೊದಲು ಎದುರು ತುದಿ ಮುಟ್ಟುತ್ತದೋ ಅವರು ಗೆದ್ದಂತೆ. ಎರಡು ತಿಂಗಳು ಇದೊಂದೇ ಆಟ. ಆಮೇಲೆ ಆನೆ, ಒಂಟೆ. ಕುದುರೆಯನ್ನು ಎಲ್ಲಕ್ಕಿಂತ ಕೊನೆಗೆ ಬಿಟ್ಟೆ. ಆ ಪ್ರಾಣಿಯ ನಡೆ ದೊಡ್ಡವರಿಗೇ ತಲೆಗೆ ಹತ್ತುವುದು ನಿಧಾನ.

ಮನುಷ್ಯರ ಮಾತು ಹೊತ್ತಿಗೊಂದು ಬಗೆ. ಆನೆ ಇಂದೂ ನೇರ, ನಾಳೆಯೂ ನೇರ. ಅವನಿಗೆ ಹಿಡಿಸಿದ್ದು ಇದೇ ಎಂದು ನನ್ನ ಎಣಿಕೆ. ಎದುರಿನವರ ಮುಖ ನೋಡಲೇಬೇಕೆಂದಿಲ್ಲ, ಆದರೆ ಅವರ ಸರದಿ ಕಾಯಲೇಬೇಕು. ಕಾಯುವುದೇ ಅವನಿಗೆ ಕಷ್ಟವಾಗಿತ್ತು. ಅದಕ್ಕೆಂದು ಒಂದು ಮರದ ಬಿಲ್ಲೆ ಇಟ್ಟೆ. ನಡೆ ಮುಗಿಸಿದವರು ಅದನ್ನು ಆಚೆಗೆ ತಳ್ಳಬೇಕು. ಒಂದು ದಿನ ನಾನೇ ತಳ್ಳಲು ಮರೆತೆ. ಕೈಗಳನ್ನು ತೊಡೆಯಡಿ ಅದುಮಿಕೊಂಡು, ಬಿಲ್ಲೆಯನ್ನೇ ದಿಟ್ಟಿಸುತ್ತ ಅವನು ಕಾದ. ನಾಲ್ಕು ನಿಮಿಷ. ಶಾಲೆಯಲ್ಲಿ ಊಟದ ಸಾಲಿನಲ್ಲಿ ಅರೆ ನಿಮಿಷ ನಿಲ್ಲದ ಹುಡುಗ ಅವನು.

ಕಣ್ಣು ಕಾಣದವರ ಮಣೆಯೇ ಬೇರೆ. ಕಪ್ಪು ಮನೆಗಳು ಮೂರು ನಾಲ್ಕು ಮಿಲಿಮೀಟರ್ ಎತ್ತರ. ಪ್ರತಿ ಮನೆಯಲ್ಲೂ ಒಂದು ತೂತು, ಕಾಯಿಯ ಬುಡದಲ್ಲಿ ಅದಕ್ಕೆ ಕೂರುವ ಗೂಟ. ಕಪ್ಪು ಕಾಯಿಗಳಿಗೆ ಬೆರಳಿಗೆ ಸಿಗುವ ಗುರುತು ಇರುತ್ತದೆ. ಇಬ್ಬರಿಗೂ ತಮ್ಮ ತಮ್ಮ ಮಣೆ ಇರಬಹುದು, ನಡೆಯನ್ನು ಬಾಯಿಬಿಟ್ಟು ಹೇಳಬೇಕು. ಮಣೆಯ ಉದ್ದಸಾಲುಗಳನ್ನು ಗುರುತಿಸುವ ಅಕ್ಷರಗಳಲ್ಲಿ ಬಿ, ಸಿ, ಡಿ, ಇ ಕಿವಿಗೆ ಒಂದೇ ಥರ ಬೀಳುವುದರಿಂದ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಬೆಲ್ಲಾ, ಸೀಸರ್, ಡೇವಿಡ್, ಈವಾ ಎನ್ನುತ್ತಾರೆ. ಮುಟ್ಟಿದ ಕಾಯಿಯನ್ನೇ ನಡೆಸಬೇಕೆಂಬ ನಿಯಮ ಇಲ್ಲಿ ಬೆರಳಾಡಿಸುವುದಕ್ಕೆ ಅನ್ವಯಿಸದು; ಗೂಟವನ್ನು ತೂತಿನಿಂದ ಮೇಲೆತ್ತಿದರೆ ಮಾತ್ರ ಕಾಯಿ ಮುಟ್ಟಿದ ಲೆಕ್ಕ. ಈ ಮಣೆಯ ಮೇಲೆ ಒಬ್ಬ ಹುಡುಗಿಯ ಎದುರು ನಾನು ನಡೆ ಹೇಳಿದೆ. ಅವಳ ಬೆರಳು ಮಣೆಯ ಮೂಲೆಯಿಂದ ಮೂಲೆಗೆ ಹರಿದು ನಿಂತಿತು. "ನನ್ನ ಒಂಟೆ ನಿಮಗೆ ಕಾಣಲಿಲ್ಲವೇ, ಸರ್?" ಎಂದಳು. ನಿಜಕ್ಕೂ ಕಂಡಿರಲಿಲ್ಲ. ಮಂತ್ರಿ ಹೋಯಿತು.

ಇದೇ ಗೂಟದ ಮಣೆ ಸೆರೆಬ್ರಲ್ ಪಾಲ್ಸಿಯಿಂದ ಕೈ ನಡುಗುವ ಮಕ್ಕಳಿಗೂ ಒಗ್ಗುತ್ತದೆ. ಕೈ ತಗುಲಿದರೂ ಕಾಯಿ ಉರುಳುವುದಿಲ್ಲ. ಎತ್ತಲು ಆಗದವರು ಮನೆಯ ಹೆಸರು ಹೇಳಿದರೆ ಪಕ್ಕದವರು ಇಡುತ್ತಾರೆ. ಆದರೆ ಪಕ್ಕದವರು ಸಲಹೆ ಕೊಡಬಾರದು. ತಂದೆತಾಯಿಯರನ್ನು ಈ ವಿಷಯದಲ್ಲಿ ಹದ್ದುಬಸ್ತಿನಲ್ಲಿಡುವುದು ಮಕ್ಕಳಿಗೆ ಕಲಿಸುವುದಕ್ಕಿಂತ ಕಷ್ಟ.

ಚದುರಂಗ ಆಡಿದರೆ ಗಣಿತದ ಅಂಕ ಏರುತ್ತದೆಯೇ ಎಂದು ಅವರು ಕೇಳುತ್ತಾರೆ. ಹೌದೆಂದು ನಾನು ಹೇಳುವುದಿಲ್ಲ. ಇಂಗ್ಲೆಂಡಿನ ನೂರು ಶಾಲೆಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಚದುರಂಗ ಕಲಿತ ಮಕ್ಕಳ ಗಣಿತ ಒಂದು ವರ್ಷದ ನಂತರ ಉಳಿದವರಿಗಿಂತ ಮೇಲೇನೂ ಇರಲಿಲ್ಲ. ಇದು ಔಷಧಿಯಲ್ಲ, ಆಟ. ರಿಯಾಯಿತಿ ಇಲ್ಲದೆ ಸೋಲುವ, ಯಾರೂ ಬಿಟ್ಟುಕೊಡದೆ ಗೆಲ್ಲುವ ಅವಕಾಶ ಈ ಮಕ್ಕಳಿಗೆ ಬೇರೆಡೆ ಅಪರೂಪ. ಹಾಗಾಗಿ ಬೇಕೆಂದೇ ಸೋಲುವುದನ್ನು ನಾನು ಎರಡನೇ ವರ್ಷಕ್ಕೇ ನಿಲ್ಲಿಸಿದೆ.

ಆ ಹುಡುಗ ಆಟ ಮುಗಿದ ಮೇಲೆ ಈಗಲೂ ಕಾಲಾಳುಗಳನ್ನು ಮೇಜಿನಂಚಿಗೆ ಜೋಡಿಸುತ್ತಾನೆ. ಅದಕ್ಕೆಂದೇ ಕೊನೆಯ ಹತ್ತು ನಿಮಿಷ ಬಿಟ್ಟಿರುತ್ತೇನೆ.