ಮೊದಲು ಮಗುಚಿ ನೋಡಿ: ಹಳೆಯ ಚೀನಿ ಪಿಂಗಾಣಿಯ ಸಂಗ್ರಹ

ಬೀದರಿನ ಯಾವುದೋ ಹಳೆಯ ವಾಡೆಯ ಅಟ್ಟದಿಂದ ಇಳಿದ ಚಿತ್ತಾರದ ತಟ್ಟೆ ಕೈಗೆ ಬಂದಾಗ ಎಲ್ಲರ ಕಣ್ಣೂ ಚಿತ್ರದ ಮೇಲೆ ಹೋಗುತ್ತದೆ. ಸಂಗ್ರಹಕ್ಕೆ ತೊಡಗುವವರು ಮಾತ್ರ ಅದನ್ನು ಮೊದಲು ಮಗುಚಿ ನೋಡುವ ರೂಢಿ ಮಾಡಿಕೊಳ್ಳಬೇಕು. ತಟ್ಟೆ ನಿಲ್ಲುವ ತಳದ ಬಳೆಗೆ ಸಾಮಾನ್ಯವಾಗಿ ಗಾಜಿನ ಲೇಪ ಇರುವುದಿಲ್ಲವಾದ್ದರಿಂದ ಒಳಗಿನ ಮಣ್ಣು ಅಲ್ಲಿ ನೇರವಾಗಿ ಕಾಣುತ್ತದೆ. ಚೀನಾದ ಪಿಂಗಾಣಿಯ ಊರಾದ ಜಿಂಗ್‌ಡೆಜೆನ್‌ನ ಆವಿಗೆಗಳಲ್ಲಿ ಸುಮಾರು 1300 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೆಂದ ಒಳ್ಳೆಯ ಪಿಂಗಾಣಿಯ ಮಣ್ಣು ಬೆಳ್ಳಗೆ, ಒತ್ತಾಗಿ ಇರುತ್ತದೆ. ಬಳಕೆಯಿಂದಾದ ಸವೆತ ಎಲ್ಲ ಕಡೆ ಒಂದೇ ಸಮನಾಗಿರುವುದಿಲ್ಲ. ಬಳೆಯ ಸುತ್ತಲೂ ಚಹಾದ ಬಣ್ಣದ ಕೊಳೆ ಸಮವಾಗಿ ಬಳಿದಂತಿದ್ದರೆ ಅನುಮಾನಿಸಿ.

ತಳದಲ್ಲಿ ಆರು ಅಕ್ಷರಗಳ ಮುದ್ರೆ ಎರಡು ಸಾಲಾಗಿದ್ದರೆ ಅದನ್ನು ಬಲಗಡೆಯಿಂದ, ಮೇಲಿನಿಂದ ಕೆಳಕ್ಕೆ ಓದಬೇಕು: ರಾಜವಂಶ, ಚಕ್ರವರ್ತಿಯ ಆಳ್ವಿಕೆಯ ಹೆಸರು, ಕೊನೆಗೆ ಆ ಕಾಲದಲ್ಲಿ ತಯಾರಾಯಿತೆಂಬ ಮಾತು. ಆದರೆ ಮುದ್ರೆಯೊಂದನ್ನೇ ನಂಬಿ ಹಣ ಕೊಡಬೇಡಿ. ಕಾಂಗ್ಶಿ ಚಕ್ರವರ್ತಿಯ ಕಾಲದ (1662–1722) ಕುಶಲಕರ್ಮಿಗಳೇ ಹಿಂದಿನವರ ಮೇಲಿನ ಗೌರವದಿಂದ ಚೆಂಗ್‌ಹುವಾ ಕಾಲದ (1465–1487) ಮುದ್ರೆಯನ್ನು ಬರೆಯುತ್ತಿದ್ದರು. ರೋಮನ್ ಲಿಪಿಯಲ್ಲಿ ‘ಚೀನಾ’ ಎಂದಿದ್ದರೆ, ಅದು ಬಹುಮಟ್ಟಿಗೆ 1890ರ ಅಮೆರಿಕದ ಸುಂಕ ಕಾಯ್ದೆಯ ನಂತರ ರಫ್ತಿಗೆಂದು ಮಾಡಿದ ವಸ್ತು.

ಈಗ ಚಿತ್ರಕ್ಕೆ ಬನ್ನಿ. ಕೋಬಾಲ್ಟ್ ನೀಲಿ ಲೇಪದ ಅಡಿಯಲ್ಲಿರುವುದರಿಂದ ಬೆರಳಿಗೆ ತಾಗುವುದಿಲ್ಲ, ಮೇಲೆ ಬರೆದ ಬಣ್ಣಗಳು ತುಸು ಉಬ್ಬಿರುತ್ತವೆ. ಚಿನ್ನದಿಂದ ಪಡೆಯುವ ಗುಲಾಬಿ ಬಣ್ಣ ಚೀನಾದಲ್ಲಿ ಬಳಕೆಗೆ ಬಂದದ್ದು 1720ರ ಆಸುಪಾಸಿನಲ್ಲಿ. ಹಾಗಾಗಿ 1644ಕ್ಕೇ ಮುಗಿದ ಮಿಂಗ್ ವಂಶದ ಮುದ್ರೆಯ ಜೊತೆ ಆ ಬಣ್ಣದ ಹೂವು ಅರಳಿದ್ದರೆ ಎರಡರಲ್ಲಿ ಒಂದು ಸುಳ್ಳು. ಇಂಥ ಹೊಂದಿಕೆಗಳನ್ನು ಹುಡುಕುವುದೇ ಈ ಸಂಗ್ರಹದ ನಿಜವಾದ ಸುಖವೆಂದು ನನಗೆ ಅನ್ನಿಸಿದೆ. ಕಣ್ಣು ಪಳಗಲು ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದ ಚೀನಿ ವಿಭಾಗವನ್ನು ಮತ್ತೆ ಮತ್ತೆ ನೋಡಿ. ಕಲಬುರಗಿಯಿಂದಲೂ ಅದು ದೂರವಲ್ಲ.

ಕೊಳ್ಳುವ ಮುನ್ನ ತಟ್ಟೆಯನ್ನು ಬೆರಳ ತುದಿಯ ಮೇಲಿಟ್ಟು ಉಗುರಿನಿಂದ ಮೆಲ್ಲಗೆ ತಟ್ಟಿ. ಬಿರುಕಿದ್ದರೆ ನಾದ ಮೊಂಡಾಗುತ್ತದೆ. ಕತ್ತಲಲ್ಲಿ ಹಿಡಿದ ನೇರಳಾತೀತ ದೀಪ ಅನೇಕ ದುರಸ್ತಿಗಳನ್ನು ತೋರಿಸುತ್ತದೆ.

ನೂರು ವರ್ಷ ದಾಟಿದ ಕಲಾವಸ್ತುಗಳು 1972ರ ಪುರಾತನ ವಸ್ತುಗಳ ಕಾಯ್ದೆಗೆ ಒಳಪಡುತ್ತವೆ. ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ವಿದೇಶಕ್ಕೆ ಒಯ್ಯುವಂತಿಲ್ಲ. ಆದ್ದರಿಂದ ಮಾರುವವರ ಪರವಾನಗಿಯನ್ನು ನೋಡಿ, ಲಿಖಿತ ರಸೀದಿ ಪಡೆಯಿರಿ. ತಂದ ತಟ್ಟೆಯನ್ನು ನಲ್ಲಿಯ ಕೆಳಗೆ ಹಿಡಿಯದೆ, ಟವೆಲ್ ಹಾಸಿದ ಪ್ಲಾಸ್ಟಿಕ್ ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರಿನಿಂದ ತೊಳೆಯಿರಿ; ಚಿನ್ನದ ಗೆರೆಯಿದ್ದರೆ ಅಲ್ಲಿ ಉಜ್ಜಬೇಡಿ.