ಗುಂಡು ಎಡಕ್ಕೆ ಹೋದರೆ ಫೋರ್‌ಸೈಟೂ ಎಡಕ್ಕೆ: .303 ಮಾದರಿ ರೈಫಲ್ ಗುರಿ ಕೂರಿಸಿ ಕಾಪಾಡುವುದು

ರೈಫಲ್ ಗುರಿ ತಪ್ಪುತ್ತಿದೆ ಅನ್ನಿಸಿದ ಕೂಡಲೇ ಹೆಚ್ಚಿನವರ ಕೈ ಹೋಗುವುದು ಗುರಿ ಹಿಡಿಯುವ ಸೈಟಿಗೆ. ಅರ ತಂದು, ನಳಿಗೆಯ ಬಾಯಿಯ ಬಳಿ ನಿಂತಿರುವ ಗುರಿಮೊನೆಯಾದ ಫೋರ್‌ಸೈಟಿನ ತುದಿ ಉಜ್ಜಿಬಿಡುತ್ತಾರೆ. ಉಜ್ಜಿದ ಲೋಹ ಮತ್ತೆ ಬೆಳೆಯುವುದಿಲ್ಲ. ಗುಂಡುಗಳು ಒಂದೇ ಕಡೆ ಗುಂಪಾಗಿ ಬೀಳುತ್ತಿವೆಯೇ ಎಂದು ಮೊದಲು ನೋಡಿ. ಗುಂಪು ಬಂದ ಮೇಲಷ್ಟೇ ಸೈಟಿನ ಮಾತು.

ಇಲ್ಲಿ ಹೇಳುತ್ತಿರುವುದು ಲೀ-ಎನ್‌ಫೀಲ್ಡ್ ಆಕ್ಷನ್ (ತೋಟಾ ತುಂಬಿ ಹಾರಿಸುವ ಯಂತ್ರಭಾಗ) ಇರುವ ರೈಫಲ್ ಬಗ್ಗೆ, ಅದರಲ್ಲೂ ಹಳೆಯ ನಂ. 1 ಮಾದರಿ. .303 ಸೇನೆಯ ಬೋರ್ (ನಳಿಗೆಯ ಒಳ ಅಳತೆ) ಆದ್ದರಿಂದ ಸಾಮಾನ್ಯ ಲೈಸೆನ್ಸಿಗೆ ಸಿಗುವುದಿಲ್ಲ. ಲೈಸೆನ್ಸ್ ಇರುವವರ ಬಳಿ ಕಾಣುವುದು ಅದೇ ಆಕ್ಷನ್ನಿನ, ಇಶಾಪುರದ ಕಾರ್ಖಾನೆಯ .315. ಆರೈಕೆ ಎರಡಕ್ಕೂ ಒಂದೇ. ಸೈಟಿನ ಅಳತೆ ಮಾತ್ರ ನಿಮ್ಮ ರೈಫಲ್‌ನಲ್ಲೇ ಟೇಪ್ ಹಿಡಿದು ನೋಡಿಕೊಳ್ಳಿ.

ಕೆಲಸ ಶುರು ಮಾಡುವ ಮೊದಲು ಮ್ಯಾಗಜಿನ್ ತೆಗೆಯಿರಿ. ತೋಟಾದ ಹಿಂದೆ ನಳಿಗೆಯನ್ನು ಮುಚ್ಚುವ ಬೋಲ್ಟನ್ನು ಪೂರ್ತಿ ಹಿಂದಕ್ಕೆ ಎಳೆದು, ಅದರ ತಲೆಯನ್ನು ಮೇಲಕ್ಕೆ ಎತ್ತಿ ಬಿಡಿಸಿದರೆ ಬೋಲ್ಟ್ ಹೊರಗೆ ಬರುತ್ತದೆ. ನಳಿಗೆಯೊಳಗೆ ಕಣ್ಣಿಟ್ಟು ಬೆಳಕು ಕಾಣುತ್ತದೆಯೇ ನೋಡಿ. ಬೋಲ್ಟ್ ಮೇಲಿನ ನಂಬರ್ ಬಾಡಿಯ ನಂಬರಿಗೆ ತಾಳೆಯಾಗಬೇಕು. ಬೇರೆ ರೈಫಲ್‌ನ ಬೋಲ್ಟ್ ಅಥವಾ ಬೋಲ್ಟ್ ತಲೆ ಹಾಕಿದರೆ ತೋಟಾದ ಹಿಂದೆ ಜಾಗ ಹೆಚ್ಚು ಕಡಿಮೆಯಾಗಿ, ಹಿತ್ತಾಳೆ ಕೇಸ್ ಸೀಳಿ ಬಿಸಿ ಅನಿಲ ಮುಖಕ್ಕೆ ಬರಬಹುದು. ನಂಬರ್ ಬೇರೆ ಇದ್ದರೆ ಅಲ್ಲಿಗೇ ನಿಲ್ಲಿಸಿ, ಲೈಸೆನ್ಸ್ ಇರುವ ಗನ್‌ಸ್ಮಿತ್ ಬಳಿ ಆ ಜಾಗಕ್ಕೆ ಗೇಜ್ ಹಾಕಿಸಿ ಅಳೆಸಿ.

ಮುಂದೆ ಸ್ಕ್ರೂಗಳು. ಟ್ರಿಗರ್ ಗಾರ್ಡಿನ ಮುಂದಿನ ಸ್ಕ್ರೂ ಸಡಿಲವಿದ್ದರೆ ಗುಂಡುಗಳು ಒಂದರ ಮೇಲೊಂದು ಉದ್ದಕ್ಕೆ ಚದುರುತ್ತವೆ. ಸ್ಕ್ರೂಡ್ರೈವರ್ ತುದಿ ಸ್ಕ್ರೂ ತಲೆಯ ಸೀಳಿನ ತುಂಬ ಕೂರಬೇಕು, ಇಲ್ಲವಾದರೆ ತಲೆ ಕಿತ್ತುಹೋಗುತ್ತದೆ. ಬಟ್ (ಹೆಗಲಿಗೆ ಒರಗಿಸುವ ಹಿಂದಿನ ಮರ) ಅಲುಗಾಡುತ್ತಿದ್ದರೆ ಹಿಂದಿನಿಂದ ಉದ್ದ ಸ್ಕ್ರೂಡ್ರೈವರ್ ಹಾಕಿ ತಿರುಗಿಸುವ ಆಸೆಯಾಗುತ್ತದೆ. ದಯವಿಟ್ಟು ಬೇಡ. ನಂ. 1 ಮಾದರಿಯಲ್ಲಿ ಬಟ್ಟನ್ನು ಬಿಗಿದಿರುವ ಉದ್ದ ಬೋಲ್ಟಿನ ಚೌಕ ತುದಿ ಮುಂದಿನ ಮರದ ಹಿಂಬದಿಗೆ ಸಿಕ್ಕಿಕೊಂಡಿರುತ್ತದೆ. ಮುಂದಿನ ಮರ ಬಿಚ್ಚದೆ ತಿರುಗಿಸಿದರೆ ಮರ ಸೀಳುತ್ತದೆ, ಆಮೇಲೆ ಆ ರೈಫಲ್ ಗುಂಪು ಕೊಡುವುದು ಕನಸೇ.

ಗುಂಡು ಹಾರಿಸಿ ನೋಡುವುದು ಅನುಮತಿ ಇರುವ ರೇಂಜಿನಲ್ಲಿ ಮಾತ್ರ. ದೇವನಹಳ್ಳಿ ಆಚೆಯ ತೋಟ, ಪಾಳುಬಿದ್ದ ಕಲ್ಲುಕ್ವಾರಿ ಇವೆಲ್ಲ ರೇಂಜ್ ಆಗುವುದಿಲ್ಲ. ಈ ಗುಂಡು ಎರಡು ಕಿಲೋಮೀಟರಿಗೂ ಆಚೆ ಹೋಗುತ್ತದೆ, ಬಂಡೆಗೆ ತಗುಲಿದರೆ ಎತ್ತ ತಿರುಗುತ್ತದೋ ಹೇಳಲಾಗದು. ಬೇರೆಯವರ ಜೀವಕ್ಕೆ ಅಪಾಯವಾಗುವಂತೆ ಬೇಜವಾಬ್ದಾರಿಯಿಂದ ಹಾರಿಸಿದರೆ, ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ನಂತರ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ.

ಮೊದಲು 25 ಮೀಟರಿನಲ್ಲಿ ಎರಡು ಮೂರು ಗುಂಡು, ಹಾಳೆಯ ಮೇಲೆ ಬೀಳುತ್ತಿದೆ ಎಂಬ ಖಾತ್ರಿಗೆ. ಆಮೇಲೆ 100 ಮೀಟರ್. ಮರಳಿನ ಚೀಲದ ಮೇಲೆ ಮರ ಕೂರಲಿ, ನಳಿಗೆ ಎಲ್ಲಿಗೂ ತಾಗಬಾರದು. ತಾಗಿದರೆ ಗುಂಡು ಚೀಲದಿಂದ ದೂರಕ್ಕೆ ಎಗರುತ್ತದೆ. ಒಂದೇ ಲಾಟಿನ ತೋಟಾ ಐದು, ಒಂದೇ ಗುರಿಬಿಂದು. ನಡುವೆ ಸೈಟ್ ಮುಟ್ಟಬೇಡಿ, ಗುಂಡು ಬಿದ್ದ ಕಡೆಗೆ ಗುರಿಯನ್ನೂ ಸರಿಸಬೇಡಿ. ಐದೂ ಹತ್ತು ಸೆಂಟಿಮೀಟರಿನೊಳಗೆ ಬಿದ್ದರೆ ರೈಫಲ್ ಆರೋಗ್ಯವಾಗಿದೆ. ಚದುರಿದರೆ ಮತ್ತೆ ಸ್ಕ್ರೂ ನೋಡಿ. ಮಳೆಗಾಲದಲ್ಲಿ ಮರ ಉಬ್ಬಿ ನಳಿಗೆಯನ್ನು ಪಕ್ಕಕ್ಕೆ ಒತ್ತುತ್ತಿದೆಯೇ ನೋಡಿ. ಐದು ಗುಂಡಾದ ಮೇಲೆ ಬೋಲ್ಟ್ ತೆರೆದು ನೆರಳಿನಲ್ಲಿ ಹತ್ತು ನಿಮಿಷ ಬಿಡಿ.

ಈಗ ಲೆಕ್ಕ. ಗುಂಪಿನ ನಡುಬಿಂದುವಿನಿಂದ ಅಳೆಯಿರಿ, ಕಪ್ಪು ಚುಕ್ಕೆಗೆ ಹತ್ತಿರ ಬಿದ್ದ ಒಂದೇ ಗುಂಡಿನಿಂದ ಅಳೆಯಬೇಡಿ. ಫೋರ್‌ಸೈಟ್ ಗುಂಡನ್ನು ಹಿಂಬಾಲಿಸಬೇಕು: ಗುಂಡು ಎಡಕ್ಕೆ ಬಿದ್ದರೆ ಫೋರ್‌ಸೈಟ್ ಎಡಕ್ಕೆ, ಮೇಲೆ ಬಿದ್ದರೆ ಅದರ ಬ್ಲೇಡ್ (ನಿಂತಿರುವ ಪಟ್ಟಿ) ತೆಗೆದು ಇನ್ನೂ ಎತ್ತರದ್ದು. ಎಷ್ಟು ಅಂದರೆ, ತಪ್ಪಿದ ಅಂತರವನ್ನು ಎರಡು ಸೈಟುಗಳ ನಡುವಿನ ಅಂತರದಿಂದ ಗುಣಿಸಿ, ಗುರಿಯ ದೂರದಿಂದ ಭಾಗಿಸಿ. ನಂ. 1ರಲ್ಲಿ ಸೈಟುಗಳ ಅಂತರ ಸುಮಾರು 490 ಮಿ.ಮೀ. 100 ಮೀಟರಿನಲ್ಲಿ 15 ಸೆಂ.ಮೀ. ಎಡಕ್ಕೆ ಹೋಗುತ್ತಿದ್ದರೆ 150 × 490 ÷ 1,00,000, ಅಂದರೆ ಮುಕ್ಕಾಲು ಮಿಲಿಮೀಟರಿಗೆ ಒಂದು ಕೂದಲು ಕಡಿಮೆ. ಸರಿಸುವ ಮೊದಲು ಬ್ಲೇಡಿಗೂ ಬುಡಕ್ಕೂ ಸೇರುವಂತೆ ಚೂಪು ಪೆನ್ಸಿಲ್ಲಿನಲ್ಲಿ ಒಂದು ಗೆರೆ ಎಳೆಯಿರಿ. ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಹಿತ್ತಾಳೆ ಸರಳಿನ ತುಂಡು ಇಟ್ಟು, ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಉಕ್ಕಿನ ಮೊಳೆ ಇಟ್ಟರೆ ಬ್ಲೇಡ್ ಜಜ್ಜುತ್ತದೆ.

ಬ್ಲೇಡುಗಳ ಎತ್ತರ ಇಂಚಿನ ಸಾವಿರದಲ್ಲಿ ಹದಿನೈದು ಭಾಗದ (0.015 ಇಂಚು) ಹೆಜ್ಜೆಯಲ್ಲಿ ಏರುತ್ತದೆ. ಒಂದು ಹೆಜ್ಜೆ ಏರಿಸಿದರೆ 100 ಮೀಟರಿನಲ್ಲಿ ಗುಂಡು ಎಂಟು ಸೆಂ.ಮೀ.ಗೆ ಸ್ವಲ್ಪ ಕಡಿಮೆ ಇಳಿಯುತ್ತದೆ. ಬ್ಲೇಡ್ ಅರೆದರೆ ಗುಂಡು ಇನ್ನೂ ಮೇಲಕ್ಕೇ ಹೋಗುತ್ತದೆ! ನಂ. 1ರ ಹಿಂದಿನ ಸೈಟಾದ ಬ್ಯಾಕ್‌ಸೈಟಿನ ಅತಿ ಕಡಿಮೆ ಗುರುತು 200 ಗಜ ಎಂಬುದೂ ನೆನಪಿರಲಿ. 100 ಗಜದಲ್ಲಿ ಸುಮಾರು ಮೂರು ಇಂಚು ಮೇಲೆ ಬೀಳುವುದು ಸಹಜ, ದೋಷವಲ್ಲ.

ಇನ್ನು ಶುಚಿ. ಹಳೆಯ ತೋಟಾದ ಬುಡದಲ್ಲಿ ಕಿಡಿ ಹೊತ್ತಿಸುವ ಕ್ಯಾಪಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತದೆ. ಅದು ಉರಿದು ನಳಿಗೆಯಲ್ಲಿ ಉಪ್ಪಿನಂತೆ ಕೂರುತ್ತದೆ, ಗಾಳಿಯ ತೇವ ಹೀರುತ್ತದೆ. ಜುಲೈ, ಆಗಸ್ಟಿನ ಬೆಂಗಳೂರಿನ ಹವೆಗೆ ಒಂದು ರಾತ್ರಿ ಸಾಕು, ಬೆಳಿಗ್ಗೆ ನಳಿಗೆಯಲ್ಲಿ ಎಳೆದ ಚಿಂದಿ ತುಕ್ಕಿನಿಂದ ಕೆಂಪಾಗಿ ಬರುತ್ತದೆ. ಎಣ್ಣೆಗೆ ಆ ಉಪ್ಪು ಕರಗುವುದಿಲ್ಲ, ನೀರಿಗೆ ಕರಗುತ್ತದೆ. ತೋಟಾ ಯಾವುದೆಂದು ತಿಳಿಯದಿದ್ದರೆ ಅಂಥದ್ದೇ ಎಂದುಕೊಂಡು ತೊಳೆಯಿರಿ. ಸಂಜೆಯೇ ಬೋಲ್ಟ್ ತೆಗೆದು, ಕೊಳವೆಯಿರುವ ಆಲಿಕೆಯಿಂದ ಚೇಂಬರ್ (ತೋಟಾ ಕೂರುವ ಜಾಗ) ಕಡೆಯಿಂದ ಒಂದು ಲೀಟರ್ ಕುದಿನೀರು ಹುಯ್ಯಿರಿ. ಮರದೊಳಗೆ ನೀರು ಇಳಿಯದಂತೆ ಬಟ್ಟೆ ಸುತ್ತಿ. ನಳಿಗೆ ಕೈ ಸುಡುವಷ್ಟು ಕಾದರೆ ತಾನೇ ಒಣಗುತ್ತದೆ.

ನಂತರ ಪುಲ್‌ಥ್ರೂ. ತುದಿಗೆ ತೂಕವಿರುವ ಹಗ್ಗದಿಂದ ನಳಿಗೆಯೊಳಗೆ ಚಿಂದಿ ಎಳೆಯುವುದೇ ಇದು. ಒಣ ಚಿಂದಿ ನಾಲ್ಕು ಇಂಚಿಗೆ ಎರಡು, ಎಣ್ಣೆಯದು ನಾಲ್ಕಕ್ಕೆ ಒಂದೂವರೆ. ಹಳೆಯ ಹತ್ತಿ ಬನಿಯನ್ ಒಳ್ಳೆಯದು. ತೂಕದ ತುದಿಯನ್ನು ಚೇಂಬರಿನಿಂದ ಬಿಟ್ಟು, ನೇರವಾಗಿ ಒಂದೇ ಎಳೆತಕ್ಕೆ ಎಳೆಯಿರಿ. ಹಗ್ಗ ನಳಿಗೆಯ ಬಾಯಿಯ ಅಂಚಿಗೆ ಉಜ್ಜಿದರೆ ವರ್ಷಗಳಲ್ಲಿ ಅಲ್ಲಿ ಗೀರು ಬಿದ್ದು ಗುಂಪು ಕೆಡುತ್ತದೆ. ಚಿಂದಿ ಸಿಕ್ಕಿಕೊಂಡು ಹಗ್ಗ ತುಂಡಾದರೆ ಗುಂಡು ಹಾರಿಸಿ ತೆಗೆಯುವ ಯೋಚನೆ ಬೇಡ, ನಳಿಗೆ ಒಡೆಯುತ್ತದೆ. ಮುಂದಿನ ಎರಡು ದಿನವೂ ಚಿಂದಿ ಎಳೆದು ನೋಡಿ.

ಎಣ್ಣೆ ಹೊಲಿಗೆ ಯಂತ್ರದ್ದಾದರೂ ನಡೆಯುತ್ತದೆ, ಕೊಬ್ಬರಿ ಎಣ್ಣೆ ಮಾತ್ರ ಕೂಡದು. ಡಿಸೆಂಬರ್ ಬೆಳಗಿನಲ್ಲಿ ಅದು ಬಾಟಲಿಯಲ್ಲೇ ಹೆಪ್ಪುಗಟ್ಟುತ್ತದೆ. ಬೋಲ್ಟಿನೊಳಗೆ ಗಟ್ಟಿಯಾದರೆ ಕ್ಯಾಪಿಗೆ ಬಡಿಯುವ ಸ್ಟ್ರೈಕರಿನ ವೇಗ ತಗ್ಗಿ ಕ್ಯಾಪ್ ಹೊತ್ತುವುದಿಲ್ಲ. ಮರಕ್ಕೆ ಅಗಸೆ ಎಣ್ಣೆ ನಾಲ್ಕು ಹನಿ, ಅಂಗೈಯಿಂದ ಬಿಸಿಯೇರುವಷ್ಟು ತಿಕ್ಕಿ. ರೇಂಜಿಗೆ ಹೋಗುವ ಮುನ್ನ ನಳಿಗೆ, ಚೇಂಬರ್ ಎರಡನ್ನೂ ಒಣಗಿಸಿ: ಎಣ್ಣೆ ಇದ್ದರೆ ಕೇಸ್ ಗೋಡೆಗೆ ಕಚ್ಚಿಕೊಳ್ಳದೆ ಪೂರ್ತಿ ಒತ್ತಡ ಬೋಲ್ಟಿನ ಮೇಲೆ ಬೀಳುತ್ತದೆ.

ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಬೇಕಾದರೆ ರೈಫಲ್ ತಿಂಗಳುಗಟ್ಟಲೆ ಗೋಡೆಗೊರಗಿ ನಿಲ್ಲುತ್ತದೆ. ಹಿಂದಿನ ರಾತ್ರಿ ನಳಿಗೆಯೊಳಗೆ, ಬೋಲ್ಟಿನ ಮುಖಕ್ಕೆ ತೆಳುವಾಗಿ ಗ್ರೀಸ್ ಹಚ್ಚಿ. ಬಾಯಿಗೆ ಬಟ್ಟೆ ತುರುಕಬೇಡಿ, ತೇವ ಅಲ್ಲೇ ನಿಲ್ಲುತ್ತದೆ. ಚರ್ಮದ ಕವರ್ ಬಿಟ್ಟು ದಪ್ಪ ಹತ್ತಿ ಚೀಲ ಕೊಡಿ, "ನಳಿಗೆಯಲ್ಲಿ ಗ್ರೀಸ್ ಇದೆ" ಎಂದು ಚೀಟಿ ಕಟ್ಟಿ. ರಸೀದಿಯಲ್ಲಿ ಬಾಡಿ ನಂಬರಿನ ಜೊತೆಗೆ ಬೋಲ್ಟ್ ನಂಬರನ್ನೂ ಬರೆಸಿಕೊಳ್ಳಿ, ವಾಪಸ್ ತರುವಾಗ ಠಾಣೆಯ ಮೇಜಿನ ಮುಂದೆಯೇ ಎರಡನ್ನೂ ಓದಿ ನೋಡಿ.