ಪೊಲೀಸರಿಗೆ ಬರುವ ವಿದೇಶಿ ನೆರವನ್ನು ಅಳೆಯುವ ಬಗೆ

ಹಾಸನದಲ್ಲಿ ಕೆಎಎಸ್ ಪರೀಕ್ಷೆಗೆ ಓದುತ್ತಿರುವವರು ಬಡ ರಾಷ್ಟ್ರಗಳ ಪೊಲೀಸ್ ವ್ಯವಸ್ಥೆಗೆ ಹೊರದೇಶಗಳು ನೀಡುವ ನೆರವಿನ ಕುರಿತು ಪ್ರಬಂಧ ಬರೆಯುವಾಗ, ಜೀಪು, ವೈರ್‌ಲೆಸ್ ಸೆಟ್ಟು ಮತ್ತು ತರಬೇತಿ ಪಡೆದವರ ಸಂಖ್ಯೆಯನ್ನು ಪಟ್ಟಿ ಮಾಡಿ ಮುಗಿಸುವುದೇ ಹೆಚ್ಚು. ಯೋಜನೆಯ ವರದಿ ಕೈಗೆ ಬಂದಾಗ ಆ ಪಟ್ಟಿಯನ್ನು ಬದಿಗಿಟ್ಟು, ತಿಂಗಳು ತಿಂಗಳೂ ಬೀಳುವ ಖರ್ಚಿನ ಪುಟದಿಂದ ಓದಲು ಆರಂಭಿಸಿ. ಹಾಸನಾಂಬೆಯ ಬಾಗಿಲು ತೆರೆಯುವ ದಿನಗಳಲ್ಲಿ ಬಂದೋಬಸ್ತಿಗೆ ನಿಂತ ಸಿಬ್ಬಂದಿಗೆ ಊಟ, ವಸತಿ, ಭತ್ಯೆ, ವಾಹನಕ್ಕೆ ಡೀಸೆಲ್ ಎಲ್ಲವೂ ಬೇಕಾಗುವುದನ್ನು ಬಲ್ಲವರಿಗೆ ಇದರ ಕಾರಣವನ್ನು ವಿವರಿಸಬೇಕಾಗಿಲ್ಲ.

ಆ ಪುಟದಲ್ಲಿ ಮೊದಲು ಹುಡುಕಬೇಕಾದದ್ದು, ಸಂಬಳವು ಯಾರ ಕೈ ದಾಟಿ ಪೇದೆಯನ್ನು ತಲುಪುತ್ತದೆ ಎಂಬುದನ್ನು. ಅಫ್ಘಾನಿಸ್ತಾನದಲ್ಲಿ ಪೊಲೀಸರ ಸಂಬಳಕ್ಕೆಂದು 2002ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಮೂಲಕ ದಾನಿ ರಾಷ್ಟ್ರಗಳ ನಿಧಿಯೊಂದು ಸ್ಥಾಪನೆಯಾಯಿತು. 2009ರಲ್ಲಿ ವಾರ್ದಕ್ ಪ್ರಾಂತ್ಯದ ಕೆಲವು ಪೊಲೀಸರಿಗೆ ಪ್ರಯೋಗಾರ್ಥವಾಗಿ ಮೊಬೈಲ್ ಮೂಲಕ ನೇರವಾಗಿ ಸಂಬಳ ಕೊಟ್ಟಾಗ, ಅವರು ಸಂಬಳ ಏರಿಕೆಯಾಗಿದೆ ಎಂದೇ ಭಾವಿಸಿದರು. ಅದುವರೆಗೆ ಮೇಲಿನವರು ಮುರಿದುಕೊಳ್ಳುತ್ತಿದ್ದ ಪಾಲೂ ಸೇರಿ ಬಂದಿತ್ತು, ಅಷ್ಟೆ. ನೂರು ತರಬೇತಿ ಶಿಬಿರಗಳ ಅಂಕಿಅಂಶಗಳಿಗಿಂತ ಈ ಒಂದು ಪ್ರಸಂಗ ಹೆಚ್ಚು ಹೇಳುತ್ತದೆಂದು ನನಗನಿಸುತ್ತದೆ.

ಆಮೇಲೆ ದಾನಿಯ ಕಾನೂನನ್ನು ನೋಡಿ. ಅಮೆರಿಕ 1962ರಿಂದ ತನ್ನ ಅಭಿವೃದ್ಧಿ ನೆರವಿನ ಸಂಸ್ಥೆಯ ಕಚೇರಿಯೊಂದರ ಮೂಲಕ ಹೊರದೇಶಗಳ ಪೊಲೀಸರಿಗೆ ತರಬೇತಿ ಕೊಡಿಸುತ್ತಿತ್ತು. ಆ ನೆರವು ಚಿತ್ರಹಿಂಸೆ ನಡೆಸುವ ಆಡಳಿತಗಳಿಗೆ ಬಲ ತುಂಬುತ್ತಿದೆ ಎಂಬ ಆರೋಪ ಬಲವಾದಾಗ, ಅಲ್ಲಿನ ಸಂಸತ್ತು 1974ರಲ್ಲಿ ಇಂಥ ನೆರವನ್ನು ಬಹುಮಟ್ಟಿಗೆ ನಿಷೇಧಿಸಿತು. ನಂತರದ ವರ್ಷಗಳಲ್ಲಿ ವಿನಾಯಿತಿಗಳು ಒಂದೊಂದಾಗಿ ಸೇರಿಕೊಂಡವು. ಸೆನೆಟರ್ ಪ್ಯಾಟ್ರಿಕ್ ಲೇಹಿ ಅವರ ಹೆಸರಿನ, 1997ರಲ್ಲಿ ಜಾರಿಗೆ ಬಂದ ನಿಯಮದ ಪ್ರಕಾರ, ಮಾನವ ಹಕ್ಕುಗಳ ಘೋರ ಉಲ್ಲಂಘನೆಯ ನಂಬಲರ್ಹ ಮಾಹಿತಿ ಇರುವ ತುಕಡಿಗೆ ನೆರವು ಸಲ್ಲದು. ನೀವು ಓದುತ್ತಿರುವ ಯೋಜನೆಯಲ್ಲಿ ಇಂಥ ತಪಾಸಣೆ ಇದೆಯೇ, ಇದ್ದರೆ ಅದು ಇಡೀ ಇಲಾಖೆಗೆ ಅನ್ವಯಿಸುವುದೋ ತುಕಡಿಗೆ ಮಾತ್ರವೋ ಎಂಬುದನ್ನು ಗುರುತು ಹಾಕಿಕೊಳ್ಳಿ.

ದೂರು ಕೊಡಲು ಬಂದವರಿಗೆ ಏನು ಬದಲಾಯಿತು ಎಂಬ ಪ್ರಶ್ನೆಗೆ ಸಿಯೆರಾ ಲಿಯೋನ್ ಒಳ್ಳೆಯ ಉದಾಹರಣೆ. ಅಂತರ್ಯುದ್ಧದ ಕೊನೆಯ ವರ್ಷಗಳಲ್ಲಿ ಬ್ರಿಟನ್ನಿನ ಬೆಂಬಲದಿಂದ ನಡೆದ ಸುಧಾರಣೆಯ ಕಾಲದಲ್ಲಿ, ಮಹಿಳೆಯರ ಮತ್ತು ಮಕ್ಕಳ ಮೇಲಿನ ದೌರ್ಜನ್ಯದ ದೂರುಗಳಿಗಾಗಿ 2001ರಿಂದ ಠಾಣೆಗಳಲ್ಲಿ ಪ್ರತ್ಯೇಕ ಕುಟುಂಬ ನೆರವು ಘಟಕಗಳು ಆರಂಭವಾದವು.

ಭಾರತವನ್ನು ದಾನಿಗಳ ಸಾಲಿನಲ್ಲಿಯೂ ಇಟ್ಟು ನೋಡಿ. 1964ರಿಂದ ನಡೆಯುತ್ತಿರುವ, ಭಾರತ ಸರ್ಕಾರದ ತಾಂತ್ರಿಕ ಮತ್ತು ಆರ್ಥಿಕ ಸಹಕಾರದ ಐಟೆಕ್ ಕಾರ್ಯಕ್ರಮ ಹಲವು ದೇಶಗಳ ಅಧಿಕಾರಿಗಳಿಗೆ ತರಬೇತಿ ಕೊಟ್ಟಿದೆ. ಮಾಲ್ಡೀವ್ಸ್‌ನ ಅಡ್ಡುವಿನಲ್ಲಿ ನಮ್ಮ ನೆರವಿನಿಂದ ಕಟ್ಟಿದ ಪೊಲೀಸ್ ಕಾಲೇಜು 2022ರಲ್ಲಿ ಉದ್ಘಾಟನೆಯಾಯಿತು. ಅದಕ್ಕೂ ಅದೇ ಪ್ರಶ್ನೆಗಳನ್ನು ಕೇಳಿ: ಕಟ್ಟಡದ ನಿರ್ವಹಣೆ ಯಾರದು, ಬೋಧಕರ ಸಂಬಳ ಯಾವ ಬಜೆಟ್ಟಿನಿಂದ ಬರುತ್ತದೆ, ಕಲಿತು ಹೊರಬಂದವರನ್ನು ಯಾವ ಹುದ್ದೆಗೆ ಹಾಕುತ್ತಾರೆ.